ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷಿನ 'ಬೈ' ಕಲಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಹೈಸ್ಕೂಲ್ ಶಿಕ್ಷಕಿ, ಚಿತ್ರದುರ್ಗ
ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ 'ಬೈ' ಎಂಬ ಪ್ರಿಪೊಸಿಷನ್ ಕಲಿಸಬೇಕು. ಪ್ಯಾಸಿವ್ ವಾಯ್ಸ್ ಪಾಠದಲ್ಲಿ 'ಬೈ ಅಂದರೆ ಇಂದ' ಎಂದು ಕೇಳಿದ ಮಕ್ಕಳು ಆಮೇಲೆ ಎಲ್ಲ ಕಡೆ ಅದನ್ನೇ ಹಾಕುತ್ತಾರೆ. 'ಬೈ ಫ್ರೈಡೇ' ಎಂದರೆ ಶುಕ್ರವಾರದಿಂದ, 'ಬೈ ದ ವಿಂಡೋ' ಎಂದರೆ ಕಿಟಕಿಯಿಂದ! ಇಂಗ್ಲಿಷಿಗೆ ತಿರುಗಿಸುವಾಗ 'ಕಟ್ ಬೈ ನೈಫ್', 'ಕೇಮ್ ಬೈ ವಾಕ್' ಎಂದು ಬರೆಯುತ್ತಾರೆ. ಅರ್ಥಗಳ ಪಟ್ಟಿ ಕೊಟ್ಟರೆ ಬೈಹಾರ್ಟ್ ಮಾಡುತ್ತಾರೆ, ಆದರೆ ವಾಕ್ಯದಲ್ಲಿ ಬಂದಾಗ ಯಾವ ಅರ್ಥ ಎಂದು ಗೊತ್ತಾಗುವುದಿಲ್ಲ. ಕಲಿಸುವವರು, ಅನುವಾದ ಮಾಡುವವರು, ಕಚೇರಿಯಲ್ಲಿ ಇಂಗ್ಲಿಷ್ ಬರೆಯುವವರು ನಿಮಗೆ ತಿಳಿದದ್ದನ್ನು ಹೇಳಿ.

ಇಂಗ್ಲಿಷ್ ಶಿಕ್ಷಕ, ಹಾಸನ
ಮೇಡಂ, 'ಬೈ'ಗೆ ಕನ್ನಡದಲ್ಲಿ ಒಂದು ಅರ್ಥ ಹೇಳಿಕೊಡುವುದನ್ನು ಮೊದಲು ಬಿಟ್ಟುಬಿಡಿ. ಅದರ ಮುಂದೆ ಯಾವ ಪದ ನಿಂತಿದೆ ಎಂದು ನೋಡುವುದನ್ನು ಅಭ್ಯಾಸ ಮಾಡಿಸಿ. ಬೋರ್ಡಿನ ಮೇಲೆ ಈ ಆರು ವಾಕ್ಯ ಬರೆಯಿರಿ, 'ಬೈ' ಮುಂದಿನ ಪದಕ್ಕೆ ಮಕ್ಕಳೇ ಗೆರೆ ಎಳೆಯಲಿ.

'ದಿಸ್ ಲೆಟರ್ ವಾಸ್ ರಿಟನ್ ಬೈ ಸೀತಾ': ಮುಂದೆ ಇರುವುದು ಮನುಷ್ಯ. ಈ ಕಾಗದ ಬರೆದದ್ದು ಸೀತಾ.
'ಕಮ್ ಬೈ ಫೈವ್': ಮುಂದೆ ಇರುವುದು ಹೊತ್ತು. ಐದರೊಳಗೆ ಬಾ.
'ಸಿಟ್ ಬೈ ದ ವಿಂಡೋ': ಜಾಗ. ಕಿಟಕಿ ಪಕ್ಕ ಕೂತುಕೋ.
'ದ ಪ್ರೈಸ್ ರೋಸ್ ಬೈ ಟೆನ್ ರುಪೀಸ್': ಲೆಕ್ಕ. ಬೆಲೆ ಹತ್ತು ರೂಪಾಯಿ ಏರಿತು.
'ವಿ ವೆಂಟ್ ಬೈ ಬಸ್': ವಾಹನ. ಬಸ್ಸಿನಲ್ಲಿ ಹೋದೆವು.
'ಸ್ಟಾರ್ಟ್ ಇಟ್ ಬೈ ಪ್ರೆಸ್ಸಿಂಗ್ ದ ಬಟನ್': 'ಇಂಗ್' ಹಚ್ಚಿದ ಕ್ರಿಯಾಪದ. ಗುಂಡಿ ಒತ್ತಿ ಚಾಲೂ ಮಾಡು.

ಆರರಲ್ಲಿ ಒಂದಕ್ಕೂ 'ಇಂದ' ಬೇಕಾಗಲಿಲ್ಲ ಎಂಬುದನ್ನು ಮಕ್ಕಳೇ ನೋಡಲಿ. ಮೊದಲನೆಯದಕ್ಕೆ ಮಾತ್ರ 'ಸೀತಾಳಿಂದ ಬರೆಯಲ್ಪಟ್ಟಿತು' ಎನ್ನಬಹುದು, ಆದರೆ ಹಾಗೆ ಯಾರೂ ಮಾತಾಡುವುದಿಲ್ಲ. ಕೊನೆಯದರಲ್ಲಿ ಕನ್ನಡಕ್ಕೆ ವಿಭಕ್ತಿ ಪ್ರತ್ಯಯವೇ ಬೇಡ. ಒತ್ತಿ, ಓದಿ, ಕೇಳಿ, ತಿರುಗಿಸಿ ಎಂಬ ರೂಪಗಳೇ ಆ ಕೆಲಸ ಮಾಡುತ್ತವೆ. ಇದು ತಿಳಿದರೆ ಮಕ್ಕಳು 'ಬೈ ಪ್ರೆಸ್ ದ ಬಟನ್' ಎಂದು ಬರೆಯುವುದೂ ನಿಲ್ಲುತ್ತದೆ.

ಎರಡನೇ ದಿನ 'ದ' ಇದೆಯೋ ಇಲ್ಲವೋ ಎಂದು ನೋಡಿಸಿ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದು ಇದೇ. 'ಬೈ ಬಸ್' ಎಂದರೆ ಬಸ್ಸಿನಲ್ಲಿ, 'ಬೈ ದ ಬಸ್' ಎಂದರೆ ಬಸ್ಸಿನ ಪಕ್ಕ. 'ಬೈ ಸೀ' ಸಮುದ್ರ ಮಾರ್ಗ, 'ಬೈ ದ ಸೀ' ಕಡಲ ದಂಡೆ. 'ಬೈ ಡೇ' ಹಗಲು ಹೊತ್ತು, 'ಪೇಯ್ಡ್ ಬೈ ದ ಡೇ' ದಿನಗೂಲಿ. 'ಮೇಡ್ ಬೈ ಹ್ಯಾಂಡ್' ಕೈಯಿಂದ ಮಾಡಿದ್ದು, 'ಹೆಲ್ಡ್ ಹಿಮ್ ಬೈ ದ ಹ್ಯಾಂಡ್' ಕೈ ಹಿಡಿದುಕೊಂಡದ್ದು. ಮೊಟ್ಟೆ 'ಬೈ ದ ಡಜನ್' ಮಾರುತ್ತಾರೆ, ಎಂದರೆ ಡಜನ್ ಲೆಕ್ಕದಲ್ಲಿ. ವಾಹನದ ಹಿಂದೆ 'ಮೈ', 'ಹಿಸ್' ಬಂದರೆ 'ಬೈ' ನಿಲ್ಲುವುದಿಲ್ಲ: 'ಬೈ ಮೈ ಕಾರ್' ತಪ್ಪು, 'ಇನ್ ಮೈ ಕಾರ್' ಸರಿ. ಬೈಕ್ ಆದರೆ 'ಆನ್ ಮೈ ಬೈಕ್'. ನಡಿಗೆ ವಾಹನವಲ್ಲ, ಹಾಗಾಗಿ 'ಆನ್ ಫುಟ್' ಅಥವಾ ಸುಮ್ಮನೆ 'ಐ ವಾಕ್ಡ್'.

ಅನುವಾದಕಿ, ಧಾರವಾಡ
ಹೊತ್ತಿನ 'ಬೈ' ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಚೇರಿ ಪತ್ರ, ಅರ್ಜಿ, ಕರಾರು ಎಲ್ಲದರಲ್ಲೂ ನಷ್ಟ ತರುವ ತಪ್ಪು ಆಗುವುದು ಇಲ್ಲೇ.

ಇಂಗ್ಲಿಷಿನಲ್ಲಿ 'ಬೈ' ಬೇರೆ, 'ಅಂಟಿಲ್' ಬೇರೆ. ಕನ್ನಡದಲ್ಲಿಯೂ 'ಒಳಗೆ' ಬೇರೆ, 'ತನಕ' ಬೇರೆ. ಈ ವ್ಯತ್ಯಾಸ ನಮ್ಮ ಮಕ್ಕಳ ಬಾಯಲ್ಲಿ ಆಗಲೇ ಇದೆ, ಅದನ್ನು ಬಳಸಿಕೊಳ್ಳಿ. ಹಿಂದಿಯ 'ತಕ್' ಎರಡಕ್ಕೂ ಬರುತ್ತದೆ, ಆದ್ದರಿಂದ ಹಿಂದಿ ಮಾತಾಡುವವರಿಗೆ ಇದು ಇನ್ನೂ ಕಷ್ಟ. ಪರೀಕ್ಷೆ ಹೀಗೆ: ಕ್ರಿಯಾಪದಕ್ಕೆ 'ತಾ ಇರು' ಸೇರಿಸಿ ನೋಡಿ. 'ಶುಕ್ರವಾರದ ತನಕ ಕಾಯ್ತಾ ಇರು' ಸರಿಯಾಗಿ ಕೇಳಿಸುತ್ತದೆ, ಹಾಗಾಗಿ 'ವೇಟ್ ಅಂಟಿಲ್ ಫ್ರೈಡೇ'. 'ಶುಲ್ಕ ಕಟ್ತಾ ಇರು' ಎಂದರೆ ಅರ್ಥವೇ ಕೆಡುತ್ತದೆ, ಅದು ಒಮ್ಮೆ ಮುಗಿಯುವ ಕೆಲಸ. ಹಾಗಾಗಿ 'ಪೇ ಬೈ ಫ್ರೈಡೇ'.

ಮಕ್ಕಳು ಎಡವುವುದು 'ವರೆಗೆ' ಬಂದಾಗ. 'ಅರ್ಜಿ ಸಲ್ಲಿಸಲು 31ರವರೆಗೆ ಅವಕಾಶವಿದೆ' ಎಂಬ ವಾಕ್ಯದಲ್ಲಿ 'ವರೆಗೆ' ಹೊಂದಿಕೊಂಡಿರುವುದು 'ಅವಕಾಶವಿದೆ' ಎಂಬುದಕ್ಕೆ, 'ಸಲ್ಲಿಸಲು' ಎಂಬುದಕ್ಕಲ್ಲ. ಅದನ್ನು 'ಸಬ್ಮಿಟ್ ಅಂಟಿಲ್ 31' ಎಂದು ಬರೆದರೆ 31ರ ತನಕ ಸಲ್ಲಿಸುತ್ತಲೇ ಇರಿ ಎಂದಾಗುತ್ತದೆ. 'ಸಬ್ಮಿಟ್ ಬೈ 31' ಬರೆಯಬೇಕು.

'ಒಳಗೆ' ಎಂಬುದರಲ್ಲೂ ಒಂದು ತೊಡಕಿದೆ. 'ಶುಕ್ರವಾರದೊಳಗೆ', 'ಮೂರು ದಿನದೊಳಗೆ', ಎರಡಕ್ಕೂ ನಮಗೆ ಅದೇ ಪದ. ಇಂಗ್ಲಿಷಿನಲ್ಲಿ ಗಡುವಿನ ದಿನ ಅಥವಾ ಗಂಟೆ ಹೇಳಿದರೆ 'ಬೈ', ಅವಧಿ ಹೇಳಿದರೆ 'ವಿದಿನ್'. 'ಬೈ ತ್ರೀ ಡೇಸ್' ಎಂದು ಗಡುವು ಹೇಳಲಾಗದು. 'ವಿದಿನ್ ಫ್ರೈಡೇ' ಸಹ ಹಾಗೇ ತಪ್ಪು.

ಇನ್ನು ಕೊನೆಯ ದಿನ ಸೇರಿದೆಯೋ ಇಲ್ಲವೋ ಎಂಬ ಪ್ರಶ್ನೆ. 'ಬೈ 31' ಎಂದರೆ ಸಾಮಾನ್ಯವಾಗಿ 31 ಸೇರಿ, 'ಬಿಫೋರ್ 31' ಎಂದರೆ 30ಕ್ಕೇ ಮುಗಿಯಿತು. ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವ 'ಆನ್ ಆರ್ ಬಿಫೋರ್' ಅನುಮಾನಕ್ಕೆ ಜಾಗ ಬಿಡುವುದಿಲ್ಲ. ಕನ್ನಡದಲ್ಲಿ '31ರೊಳಗೆ' ಎಂದಷ್ಟೇ ಬರೆದರೆ ಕೆಲವರು 30 ಎಂದೂ ತಿಳಿಯುತ್ತಾರೆ. '31ರಂದು ಸಂಜೆ 5.30ರೊಳಗೆ' ಎಂದು ಗಂಟೆ ಸೇರಿಸಿ ಬರೆದರೆ ತಕರಾರು ಉಳಿಯುವುದಿಲ್ಲ.

'ಹೊತ್ತಿಗೆ' ಎಂಬ ಪದವನ್ನೂ ಕೈಬಿಡಬೇಡಿ. 'ನೀನು ಬರುವ ಹೊತ್ತಿಗೆ ಅಡುಗೆ ಆಗಿರುತ್ತೆ' ಎಂಬುದು 'ಬೈ ದ ಟೈಮ್ ಯು ಕಮ್'ಗೆ ಸರಿಹೊಂದುವ ಕನ್ನಡ. ಬರುವುದು ಮುಂದೆ ಆಗುವ ಕೆಲಸ, ಆದರೂ ಅಲ್ಲಿ 'ವಿಲ್ ಕಮ್' ಹಾಕಬಾರದು. 'ವಿಲ್ ಹ್ಯಾವ್' ಹೋಗುವುದು ಅಡುಗೆಯ ಕಡೆಗೆ: 'ದ ಫುಡ್ ವಿಲ್ ಹ್ಯಾವ್ ಬೀನ್ ಕುಕ್ಡ್'.

ಕನ್ನಡಿಗ, ಜರ್ಮನಿ
ಧಾರವಾಡದ ಮೇಡಂ ಹೇಳಿದ್ದಕ್ಕೆ ಒಂದು ಸೇರ್ಪಡೆ. ಜರ್ಮನ್ ಭಾಷೆಯ 'ಬಿಸ್' ಕೂಡ ಹಿಂದಿಯ 'ತಕ್' ತರಹ 'ಬೈ', 'ಅಂಟಿಲ್' ಎರಡಕ್ಕೂ ಬರುತ್ತದೆ, ಇಲ್ಲಿಯವರು ಇಂಗ್ಲಿಷ್ ಬರೆಯುವಾಗ ಇದೇ ಜಾಗದಲ್ಲಿ ತಪ್ಪುತ್ತಾರೆ. 'ಬೈ'ಯ ನಿಜವಾದ ಸೋದರ ಜರ್ಮನ್ನಿನ 'ಬೈ' ಎಂದೇ ಉಚ್ಚರಿಸುವ ಪದ, ಅದಕ್ಕೆ ಇವತ್ತಿಗೂ ಮುಖ್ಯ ಅರ್ಥ 'ಹತ್ತಿರ, ಬಳಿ'. ಇಂಗ್ಲಿಷಿನಲ್ಲೂ ಹಳೆಯ ಅರ್ಥ ಅದೇ, ಉಳಿದವು ಆಮೇಲೆ ಬೆಳೆದವು. ಹಾಗಾಗಿ ಕಿಟಕಿ ಪಕ್ಕದ 'ಬೈ'ಯಿಂದ ಪಾಠ ಶುರು ಮಾಡಿ, ಪ್ಯಾಸಿವ್ ವಾಯ್ಸನ್ನು ಕೊನೆಗಿಡಿ ಎನ್ನುತ್ತೇನೆ.

ಗಣಿತ ಶಿಕ್ಷಕಿ, ತುಮಕೂರು
ಲೆಕ್ಕದ 'ಬೈ' ನಮ್ಮ ತರಗತಿಯಲ್ಲೂ ಕಾಟ ಕೊಡುತ್ತದೆ.

ಮೊದಲನೆಯದು 'ಬೈ' ಮತ್ತು 'ಟು'. 20,000 ರೂಪಾಯಿ ಸಂಬಳ 'ರೇಸ್ಡ್ ಟು 25,000' ಎಂದರೆ ಹೊಸ ಸಂಬಳ 25,000. 'ರೇಸ್ಡ್ ಬೈ 25,000' ಎಂದರೆ 45,000. ಕನ್ನಡದಲ್ಲಿ '25,000ಕ್ಕೆ ಏರಿತು', '25,000ದಷ್ಟು ಏರಿತು'. 'ಕ್ಕೆ' ಬಂದರೆ 'ಟು', 'ಅಷ್ಟು' ಬಂದರೆ 'ಬೈ', ಇಷ್ಟು ಸಾಕು. ಶೇಕಡಾದಲ್ಲಿ ಇನ್ನೊಂದು ಎಚ್ಚರ ಬೇಕು. ತೆರಿಗೆ ಶೇ 12ರಿಂದ ಶೇ 18ಕ್ಕೆ ಹೋದರೆ ಅದು 'ಬೈ 6 ಪರ್ಸೆಂಟೇಜ್ ಪಾಯಿಂಟ್ಸ್'. 'ಬೈ 6 ಪರ್ಸೆಂಟ್' ಅಲ್ಲ, ಏಕೆಂದರೆ 12ರ ಮೇಲೆ 6 ಹೆಚ್ಚಿದರೆ ಏರಿಕೆ 50 ಪರ್ಸೆಂಟ್.

ಎರಡನೆಯದು ಗುಣಾಕಾರ, ಭಾಗಾಕಾರ. 'ಮಲ್ಟಿಪ್ಲೈಡ್ ಬೈ', 'ಡಿವೈಡೆಡ್ ಬೈ' ಎರಡರಲ್ಲೂ 'ಬೈ' ಇದೆ, ಹಿಂದಿನ ಕ್ರಿಯಾಪದ ಬಿಟ್ಟು ಬರೀ 'ಬೈ' ಎಂದರೆ ಏನೂ ಸ್ಪಷ್ಟವಿಲ್ಲ. ನಾವು '3 ಬೈ 4' ಎಂದರೆ ಮುಕ್ಕಾಲು. '30 ಬೈ 40 ಸೈಟು' ಎಂದರೆ ಗುಣಿಸಿ 1,200 ಚದರ ಅಡಿ. ಬೆಂಗಳೂರಿನ ಹೋಟೆಲಿನಲ್ಲಿ 'ಬೈ ಟೂ ಕಾಫಿ' ಎಂದರೆ ಒಂದು ಕಾಫಿ ಎರಡು ಲೋಟಕ್ಕೆ. ಈ ಮೂರನ್ನೂ ಮಕ್ಕಳು ಬಲ್ಲರು, ಅಲ್ಲಿಂದಲೇ ಹೊರಡಿ. ಆದರೆ ಬ್ರಿಟನ್, ಅಮೆರಿಕದವರ ಎದುರು ಭಿನ್ನರಾಶಿಯನ್ನು '3 ಬೈ 4' ಎನ್ನದೆ 'ತ್ರೀ ಕ್ವಾರ್ಟರ್ಸ್' ಅಥವಾ 'ತ್ರೀ ಓವರ್ ಫೋರ್' ಎನ್ನಬೇಕು. '3 ಬೈ 4' ಎಂದರೆ ಅವರಿಗೆ ಉದ್ದ ಅಗಲದ ಅಳತೆ ಎಂದು ಕೇಳಿಸುತ್ತದೆ. ನಾವು '5 ಇಂಟು 4' ಎಂದು ಗುಣಿಸುತ್ತೇವೆ, ಅಲ್ಲಿ 'ಇಂಟು' ಭಾಗಾಕಾರಕ್ಕೆ ಬರುವ ಪದ: '5 ಇಂಟು 20' ಎಂದರೆ ಉತ್ತರ 4.

'ಡಿವೈಡ್ ಬೈ ಹಾಫ್' ಎಂದು ಅರ್ಧ ಮಾಡಲು ಹೇಳಬೇಡಿ. 10ನ್ನು ಅರ್ಧದಿಂದ ಭಾಗಿಸಿದರೆ 20. ಎರಡು ಪಾಲು ಮಾಡಲು 'ಡಿವೈಡ್ ಇನ್ ಹಾಫ್' ಅಥವಾ 'ಡಿವೈಡ್ ಬೈ ಟೂ'.

ಪಿಯು ಉಪನ್ಯಾಸಕ, ಮಂಗಳೂರು
'ಕಟ್ ಬೈ ನೈಫ್' ಬಗ್ಗೆ ಯಾರೂ ಇನ್ನೂ ಹೇಳಿಲ್ಲ. ಇದು ಬರುವುದು ನಮ್ಮ ತೃತೀಯಾ ವಿಭಕ್ತಿಯಿಂದ. 'ಕಳ್ಳನಿಂದ', 'ಕಬ್ಬಿಣದ ಸಲಾಕೆಯಿಂದ', 'ಮಳೆಯಿಂದ', 'ಎರಡು ವರ್ಷದಿಂದ', 'ಮೈಸೂರಿನಿಂದ', ಎಲ್ಲಕ್ಕೂ ನಮ್ಮದು ಒಂದೇ 'ಇಂದ'. ಇಂಗ್ಲಿಷಿನಲ್ಲಿ ಕ್ರಮವಾಗಿ 'ಬೈ', 'ವಿತ್', 'ಬಿಕಾಸ್ ಆಫ್', 'ಫಾರ್', 'ಫ್ರಮ್'. ಮಾಡಿದವನಿಗೆ 'ಬೈ', ಅವನ ಕೈಯಲ್ಲಿದ್ದ ಸಾಧನಕ್ಕೆ 'ವಿತ್': 'ದ ಲಾಕ್ ವಾಸ್ ಬ್ರೋಕನ್ ಬೈ ದ ಥೀಫ್ ವಿತ್ ಎ ರಾಡ್'. ಮಾಡಿದವನ ಹೆಸರು ಹೇಳದಿದ್ದರೂ ರಾಡಿಗೆ 'ವಿತ್' ಎಂದೇ ಹಾಕಬೇಕು. ಮರ ಗಾಳಿಗೆ ಬಿದ್ದರೆ ಮಾತ್ರ 'ಬೈ ದ ವಿಂಡ್', ಗಾಳಿಯನ್ನು ಯಾರೂ ಕೈಯಲ್ಲಿ ಹಿಡಿದಿಲ್ಲ.

ಪ್ಯಾಸಿವ್ ಆದರೆ ಸಾಕು 'ಬೈ' ಎಂಬ ನಿಯಮವನ್ನೂ ಮುರಿಯಬೇಕು. 'ನೋನ್ ಟು ಮಿ', 'ಮ್ಯಾರಿಡ್ ಟು ರವಿ', 'ಫಿಲ್ಡ್ ವಿತ್ ವಾಟರ್', 'ಕಂಟೇನ್ಡ್ ಇನ್ ದ ಜಾರ್', 'ಇಂಟರೆಸ್ಟೆಡ್ ಇನ್ ಮ್ಯೂಸಿಕ್'. ಮಾಡಿದವರು ಯಾರು ಎಂಬುದು ಮುಖ್ಯವಲ್ಲದಿದ್ದರೆ 'ಬೈ' ಭಾಗವನ್ನೇ ಬಿಡಿ. 'ದ ರೋಡ್ ವಾಸ್ ರಿಪೇರ್ಡ್' ಸಾಕು, 'ಬೈ ಸಮ್ಒನ್' ಬೇಡ.

ಒಂದು ಚಿಕ್ಕದು: 'ಎ ಪೋರ್ಟ್ರೇಟ್ ಬೈ ರವಿವರ್ಮ' ಅವರು ಬರೆದ ಚಿತ್ರ, 'ಎ ಪೋರ್ಟ್ರೇಟ್ ಆಫ್ ರವಿವರ್ಮ' ಅವರನ್ನು ತೋರಿಸುವ ಚಿತ್ರ. ಕನ್ನಡದ 'ರವಿವರ್ಮರ ಚಿತ್ರ' ಎರಡಕ್ಕೂ ಸಲ್ಲುತ್ತದೆ, ಅದಕ್ಕೇ ಗೊಂದಲ.

ಅನುವಾದಕಿ, ಧಾರವಾಡ
ಕಟ್ಟುಪದಗಳನ್ನು ಬಿಡಿಸಬೇಡಿ, ಇಡಿಯಾಗಿ ಕಲಿಸಿ: 'ಬೈ ಮಿಸ್ಟೇಕ್' ('ಬೈ ಮಿಸ್ಟೇಕ್ಲಿ' ಎಂಬುದಿಲ್ಲ), 'ಬೈ ಚಾನ್ಸ್', 'ಒನ್ ಬೈ ಒನ್', 'ಬೈ ಮೈಸೆಲ್ಫ್' ಎಂದರೆ ಒಬ್ಬನೇ. 'ಬೈ ಅಂಡ್ ಲಾರ್ಜ್' ಹಾಯಿ ಹಡಗಿನವರ ಮಾತು. ಗಾಳಿಗೆ ಎದುರಾಗಿಯೂ ಗಾಳಿಯ ಜೊತೆಗೂ ಎಂಬ ಅರ್ಥದಿಂದ 'ಒಟ್ಟಾರೆ' ಆಯಿತು, ಬಿಡಿಸಿದರೆ ಮಕ್ಕಳಿಗೆ ಏನೂ ಸಿಗದು. 'ಬೈಹಾರ್ಟ್ ಮಾಡು' ನಮ್ಮಲ್ಲಿ ಕ್ರಿಯಾಪದ, ಇಂಗ್ಲಿಷ್ ಪರೀಕ್ಷೆಯಲ್ಲಿ 'ಲರ್ನ್ ಬೈ ಹಾರ್ಟ್' ಬರೆಯಬೇಕು. ಬೈ ಎಲೆಕ್ಷನ್, ಬೈ ಪ್ರಾಡಕ್ಟ್ ಎಂಬಲ್ಲಿ ಅದು ನಮ್ಮ 'ಉಪ': ಉಪಚುನಾವಣೆ, ಉಪ ಉತ್ಪನ್ನ.

ಹೈಸ್ಕೂಲ್ ಶಿಕ್ಷಕಿ, ಚಿತ್ರದುರ್ಗ
ಎಲ್ಲರಿಗೂ ಧನ್ಯವಾದ. ಕಲಿತದ್ದು ಕೈಗೆ ಬಂದಿದೆಯೇ ಎಂದು ನೋಡಲು ಬಿಟ್ಟ ಸ್ಥಳ ತುಂಬಿಸುವ ಅಭ್ಯಾಸ ಸಾಕೇ?

ಇಂಗ್ಲಿಷ್ ಶಿಕ್ಷಕ, ಹಾಸನ
ಸಾಲದು ಮೇಡಂ. ಎಲ್ಲ ಖಾಲಿ ಜಾಗಕ್ಕೂ 'ಬೈ' ಎಂದು ತಿಳಿದರೆ ಓದದೇ ತುಂಬಿಸುತ್ತಾರೆ. 'ಬೈ', 'ವಿತ್', 'ಅಂಟಿಲ್', 'ವಿದಿನ್', 'ಟು' ಬೆರೆಸಿ ಕೊಡಿ, ಪ್ರತಿ ಉತ್ತರದ ಪಕ್ಕ ಮನುಷ್ಯ, ಹೊತ್ತು, ಜಾಗ, ಲೆಕ್ಕ ಎಂದು ಕಾರಣ ಬರೆಸಿ. ಆಮೇಲೆ ಈ ಒಂದು ವಾಕ್ಯ ಕೊಟ್ಟು ಕನ್ನಡಕ್ಕೆ ತಿರುಗಿಸಲು ಹೇಳಿ: 'ದ ವಾಲ್ ಬೈ ದ ಲೇಕ್ ಹ್ಯಾಡ್ ಬೀನ್ ರೇಸ್ಡ್ ಬೈ ಟೂ ಫೀಟ್ ಬೈ ದ ವಿಲೇಜರ್ಸ್ ಬೈ ಮಾರ್ಚ್'. ಉತ್ತರ: 'ಮಾರ್ಚ್ ಹೊತ್ತಿಗೆ ಊರಿನವರು ಕೆರೆ ಪಕ್ಕದ ಗೋಡೆಯನ್ನು ಎರಡು ಅಡಿ ಎತ್ತರಿಸಿದ್ದರು'. 'ಎರಡು ಅಡಿಗೆ ಎತ್ತರಿಸಿದ್ದರು' ಎಂದು ಬರೆದವರಿಗೆ ತುಮಕೂರಿನ ಮೇಡಂ ಹೇಳಿದ ಸಂಬಳದ ಲೆಕ್ಕವನ್ನು ಇನ್ನೊಮ್ಮೆ ಮಾಡಿಸಿ. 'ಊರಿನವರಿಂದ' ಎಂದು ಶುರು ಮಾಡಿದವರಿಗೆ ಮೊದಲ ಆರು ವಾಕ್ಯಗಳಿಗೆ ಮತ್ತೆ ಗೆರೆ ಎಳೆಸಿ.