ಪದಚರ್ಚೆ: ಕೋಳಿ ಕೂರದಿದ್ದಾಗ ಮರಿ ‘ಮಾಡಿದ್ದು’ ಯಾರು?

ಬಲ್ಲವರಿಗೆ ನಮಸ್ಕಾರ.

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಒಂದು ಥರ್ಮೊಕೋಲ್ ಪೆಟ್ಟಿಗೆ ಇದೆ. ಒಳಗೆ ಬಲ್ಬು, ಪುಟ್ಟ ಫ್ಯಾನು, ಥರ್ಮೋಸ್ಟ್ಯಾಟು, ಒಂದು ಬಟ್ಟಲು ನೀರು. ಹೋದ ತಿಂಗಳು ಅದರಲ್ಲಿ ಜಪಾನಿ ಕ್ವೇಲ್ ಎಂಬ, ಕೋಳಿಗಿಂತ ಬಹಳ ಚಿಕ್ಕ ಸಾಕುಹಕ್ಕಿಯ 24 ಮೊಟ್ಟೆ ಇಟ್ಟಿದ್ದೆ. 17ನೇ ದಿನ ಸಂಜೆ ಶುರುವಾಗಿ ಮಾರನೇ ಬೆಳಗ್ಗೆ ಹೊತ್ತಿಗೆ 15 ಮರಿ. ಖುಷಿ ತಡೆಯಲಾರದೆ ಹಾವೇರಿ ಕಡೆಯ ನಮ್ಮತ್ತೆಗೆ ಫೋನ್ ಮಾಡಿ, “ಅತ್ತೆ, ಹದಿನೈದು ಮರಿ ಮಾಡಿದೆ” ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು. “ಅಳಿಯಂದ್ರ, ನೀವೇನ ಹ್ಯಾಟಿ ಏನ್ರಿ, ಮರಿ ಮಾಡಾಕ?”

ಹ್ಯಾಟಿ ಅಂದರೆ ಅವರ ಕಡೆ ಹೇಂಟೆ, ಹೆಣ್ಣು ಕೋಳಿ. ಅವರು ನಕ್ಕಿದ್ದು ನ್ಯಾಯವೇ. ನಾಯಿ ಮರಿ ‘ಹಾಕುತ್ತದೆ’, ಹಸು ಕರು ‘ಹಾಕುತ್ತದೆ’, ಕೋಳಿ ಮೊಟ್ಟೆ ‘ಇಡುತ್ತದೆ’, ಆಮೇಲೆ ಮರಿ ‘ಮಾಡುತ್ತದೆ’. ಮಾಡು ಅನ್ನುವ ಈ ಕ್ರಿಯಾಪದದ ಹಿಂದೆ ಮೂರು ವಾರ ಅನ್ನ ನೀರು ಮರೆತು ಕೂತ ಒಂದು ಹೇಂಟೆ ಇರಲೇಬೇಕು. ಬಾತಿನ ಮೊಟ್ಟೆಯನ್ನು ಕೋಳಿಗೆ ಇಟ್ಟವರು ‘ಮರಿ ಮಾಡಿಸಿದೆವು’ ಅನ್ನುತ್ತಾರೆ, ಅದೂ ಸರಿ. ಆದರೆ ಸಾಕಿದ ಜಪಾನಿ ಕ್ವೇಲ್‌ಗೆ ಕಾವು ಕೂರುವ ಬುದ್ಧಿಯೇ ಹೆಚ್ಚುಕಡಿಮೆ ಹೊರಟುಹೋಗಿದೆ. ಸಂಜೆ ಮುಂದೆ ಒಂದು ಚುಕ್ಕೆಚುಕ್ಕೆ ಮೊಟ್ಟೆ ಉದುರಿಸಿ ಅದನ್ನೇ ತುಳಿದುಕೊಂಡು ಓಡಾಡುತ್ತದೆ. ಇಟ್ಟದ್ದು ಅದು, ಬೆಚ್ಚಗಿಟ್ಟದ್ದು ಬಲ್ಬು, ದಿನಕ್ಕೆ ಮೂರು ಸಲ ಮಗ್ಗುಲು ಬದಲಿಸಿದ್ದು ನಾನು. ಮರಿ ಮಾಡಿದ್ದು ಯಾರು? ‘ಮೊಟ್ಟೆಯೊಡೆದು ಮರಿ ಹೊರಬಂತು’ ಎಂದು ಪಾಠಪುಸ್ತಕದ ಧಾಟಿಯಲ್ಲಿ ಹೇಳಬಹುದು, ಆದರೆ ಅಷ್ಟು ಉದ್ದ ಹೇಳುವಷ್ಟರಲ್ಲಿ ಇನ್ನೆರಡು ಹೊರಬಂದಿರುತ್ತವೆ.

ಇದು ನಗುವ ವಿಷಯ. ಮುಂದಿನದು ಹಾಗಲ್ಲ.

ಮರಿಗಳ ಮೈ ಒಣಗಿದ ಮೇಲೆ ಬೇರೆ ಪೆಟ್ಟಿಗೆಗೆ ಹಾಕಬೇಕು. ಅಲ್ಲೂ ಬಲ್ಬು ಬೇಕು. ಮೊದಲ ವಾರ 35 ಡಿಗ್ರಿಯ ಆಸುಪಾಸು, ಆಮೇಲೆ ವಾರವಾರ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗುವುದು. ಸಾಕಣೆಯ ಕರಪತ್ರಗಳಲ್ಲಿ ಮೊಟ್ಟೆಗೆ ಕೊಡುವುದೂ ‘ಕೃತಕ ಕಾವು’, ಮರಿಗೆ ಕೊಡುವುದೂ ‘ಕೃತಕ ಕಾವು’. ನಾನೂ ಎರಡು ಪೆಟ್ಟಿಗೆಯನ್ನೂ ‘ಕಾವು ಪೆಟ್ಟಿಗೆ’ ಎಂದೇ ಕರೆಯುತ್ತಿದ್ದೆ. ಆಚೆ ಹೊರಟಿದ್ದಾಗ ಮಗಳಿಗೆ, “ಕಾವು ಪೆಟ್ಟಿಗೆಗೆ ಬಟ್ಟಲಲ್ಲಿ ನೀರು ತುಂಬಿಸಿಡು, ಒಳಗೆ ಒಣಗಬಾರದು” ಅಂದೆ. ಒಡೆಯಬೇಕಾದ ಮೊಟ್ಟೆ ಇನ್ನೂ ಕೆಲವು ಉಳಿದಿದ್ದವು, ಕೊನೆಯ ಮೂರು ದಿನ ಒಳಗಿನ ತೇವ ಹೆಚ್ಚಿರಬೇಕು ಎಂಬುದು ನನ್ನ ಲೆಕ್ಕ. ಅವಳು ಬಟ್ಟಲಿಟ್ಟಿದ್ದು ಮರಿಗಳ ಪೆಟ್ಟಿಗೆಯಲ್ಲಿ. ಆಗಷ್ಟೇ ಬಂದ ಕ್ವೇಲ್ ಮರಿ ಏಳೆಂಟು ಗ್ರಾಂ ತೂಗುತ್ತದೆ. ಬಾಟಲಿ ಮುಚ್ಚಳದಲ್ಲಿ ನೀರಿಟ್ಟರೂ ನಾಲ್ಕು ಗೋಲಿ ಹಾಕಿಡಬೇಕು, ಇಲ್ಲದಿದ್ದರೆ ಬಿದ್ದು ಮುಳುಗುತ್ತದೆ. ವಾಪಸ್ ಬಂದಾಗ 14 ಇದ್ದವು. ಮಗಳು ಅತ್ತಳು. ತಪ್ಪು ಅವಳದಲ್ಲ, ನನ್ನ ಮಾತಿನದು.

ಹಾಗಾಗಿ ಕಾವು ಪದವನ್ನೇ ಸ್ವಲ್ಪ ಕೆದಕಿದೆ. ಕನ್ನಡದಲ್ಲಿ ‘ಕಾಯ್’ ಎರಡಿವೆ. ಒಂದು ಬಿಸಿಯಾಗು (ಹಂಚು ಕಾದಿದೆ), ಇನ್ನೊಂದು ರಕ್ಷಿಸು (ಗದ್ದೆ ಕಾಯುತ್ತಾನೆ). ಕೋಳಿಯ ಕಾವು ಮೊದಲನೆಯದರಿಂದ ಬಂತು ಎಂದೇ ನಾವೆಲ್ಲ ನಂಬಿದ್ದೇವೆ. ಚುನಾವಣೆಯ ಕಾವೂ ಅದೇ. ಆದರೆ ತಮಿಳರನ್ನು ನೋಡಿ. ಅವರು ಕಾವು ಕೂತ ಕೋಳಿಯನ್ನು ‘ಅಡೈಕಾಕ್ಕುಮ್ ಕೋಳಿ’ ಅನ್ನುತ್ತಾರೆ. ಅಲ್ಲಿರುವುದು ಬಿಸಿಯ ಕಾಯ್ ಅಲ್ಲ, ಕಾವಲಿನ ಕಾ. ಹಾಗಾದರೆ ನಮ್ಮ ‘ಕಾವು ಕೂರು’ವಿನಲ್ಲೂ ಕಾವಲಿನ ಕಾಯ್ ಸೇರಿಕೊಂಡಿರಬಹುದೇ? ಹೇಂಟೆಯ ಕೆಲಸ ನೋಡಿದರೆ ಎರಡೂ ಒಂದೇ. ಹೊಟ್ಟೆಯಡಿ ಮೊಟ್ಟೆ, ಆಮೇಲೆ ರೆಕ್ಕೆಯಡಿ ಮರಿ. ಹತ್ತಿರ ಕೈ ಒಯ್ದರೆ ಕುಕ್ಕು. ಅವಳಿಗೆ ಎರಡು ಪೆಟ್ಟಿಗೆ ಇಲ್ಲ, ಹಾಗಾಗಿ ಎರಡು ಪದವೂ ಬೇಕಾಗಲಿಲ್ಲ. ಪೆಟ್ಟಿಗೆ ಎರಡಾದದ್ದು ನಮ್ಮ ಕಾಲದಲ್ಲಿ.

ಸದ್ಯಕ್ಕೆ ಎರಡನೆಯದರ ಮೇಲೆ ‘ಮರಿಬುಟ್ಟಿ’ ಎಂದು ಬರೆದು ಅಂಟಿಸಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

ಇನ್ನು ಹಕ್ಕಿಯ ಹೆಸರು. ನಾನು ಮೇಲೆಲ್ಲ ಕ್ವೇಲ್ ಎಂದೇ ಬರೆದಿರುವುದು ಸೋಮಾರಿತನಕ್ಕಲ್ಲ. ‘ಗೌಜಲಹಕ್ಕಿ ಸಾಕಣೆ’, ‘ಕೌಜುಗ ಸಾಕಣೆ’ ಎಂದು ಬರೆಯುವವರಿದ್ದಾರೆ. ಆದರೆ ಗೌಜಲು ನಮ್ಮ ಬೇಲಿಸಾಲಿನಲ್ಲಿ ಬೆಳಗಾಗುತ್ತಲೇ ಗೌಜೆಬ್ಬಿಸುವ ಹಕ್ಕಿ, ಹಿಂದಿಯ ತೀತರ್. ಕ್ವೇಲ್ ಅದಕ್ಕಿಂತ ಚಿಕ್ಕದು, ಹಿಂದಿಯಲ್ಲಿ ಬಟೇರ್. ತಮಿಳಿನಲ್ಲೂ ಕೌದಾರಿ ಬೇರೆ, ಕಾಡೈ ಬೇರೆ. ತೆಲುಗಿನಲ್ಲಿ ಮಾತ್ರ ಕ್ವೇಲ್‌ಗೆ ಕೌಜುಪಿಟ್ಟ ಅನ್ನುತ್ತಾರೆ, ನಮ್ಮ ಗೊಂದಲ ಆ ಕಡೆಯಿಂದ ಬಂದಿದ್ದರೂ ಬಂದಿರಬಹುದು. ಹೆಸರಿನ ಈ ಕಲಬೆರಕೆ ಬರೀ ಪಂಡಿತರ ತಕರಾರಲ್ಲ: ಗೌಜಲನ್ನೂ ಕಾಡಿನ ಕ್ವೇಲ್‌ಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಪಾಡುತ್ತದೆ. ‘ಗೌಜಲು ಮರಿ ಸಿಗುತ್ತದೆ’ ಎಂಬ ಬೋರ್ಡು ಓದಿದವನು ಏನು ತಿಳಿಯಬೇಕು?

ನಮ್ಮಲ್ಲಿ ಪದ ಇಲ್ಲದೆ ಇಲ್ಲ. ಅತ್ತೆಯ ಊರಲ್ಲಿ ‘ಬುರ್ಲಿ’ ಅನ್ನುತ್ತಾರೆ. ಸಂಸ್ಕೃತದ ಲಾವಕದಿಂದ ಬಂದ ‘ಲಾವುಗೆ’, ‘ಲಾವಕ್ಕಿ’ ಇವೆ. 12ನೇ ಶತಮಾನದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಕೋಳಿ ಅಂಕದ ಜೊತೆಗೇ ಲಾವಕಗಳ ಕಾಳಗವನ್ನೂ ಅರಸರ ವಿನೋದಗಳಲ್ಲಿ ಸೇರಿಸಿದ್ದಾನೆ. ಅಂದರೆ ಈ ನೆಲಕ್ಕೆ ಹಕ್ಕಿಯ ಪರಿಚಯ ಹಳೆಯದು. ನನ್ನ ಓಟು ‘ಸಾಕುಲಾವಕ್ಕಿ’ಗೆ. ‘ಸಾಕುಬುರ್ಲಿ’ಯೂ ಬಾಯಿಗೆ ಚೆನ್ನಾಗಿದೆ, ಆದರೆ ಹಳೇ ಮೈಸೂರಿನವರಿಗೆ ಹೊಸದು.

ಬಾತಿಗೆ ಈ ಕಷ್ಟ ಇಲ್ಲ, ಬೇರೆ ಕಷ್ಟ. “ಇವತ್ತು ಬಾತು” ಅಂದರೆ ನಮ್ಮ ಮನೆಯಲ್ಲಿ ಮೊದಲು ನೆನಪಾಗುವುದು ವಾಂಗಿಬಾತು.

ಈಗ ಪೆಟ್ಟಿಗೆಯಲ್ಲಿ ಆರು ಬಾತಿನ ಮೊಟ್ಟೆ ಇವೆ. ಇವಕ್ಕೆ 28 ದಿನ. (ಹಳ್ಳಿಗಳಲ್ಲಿ ಹೇಂಟೆಗೆ ಮೊದಲು ಬಾತಿನ ಮೊಟ್ಟೆ ಇಟ್ಟು, ವಾರ ಬಿಟ್ಟು ಕೋಳಿ ಮೊಟ್ಟೆ ಸೇರಿಸುತ್ತಾರೆ, ಎರಡೂ ಒಂದೇ ದಿನಕ್ಕೆ ಬರಲಿ ಅಂತ.) ಇಂದಿಗೆ 26. ಮಗ್ಗುಲು ಬದಲಿಸುವುದನ್ನು ನಿನ್ನೆಯೇ ನಿಲ್ಲಿಸಿದ್ದೇನೆ. ನಿಮ್ಮಲ್ಲಿ ಕೇಳಬೇಕಾದ್ದು ಇಷ್ಟು.

ಮರಿ ಒಳಗಿನಿಂದ ಕುಟ್ಟಿ ಚಿಪ್ಪಿಗೆ ಮೊದಲ ಬಿರುಕು ಬೀಳಿಸುತ್ತದಲ್ಲ, ಆ ಗಳಿಗೆಗೆ ನಿಮ್ಮ ಕಡೆ ಪದ ಏನು? ಬಾತಿನಲ್ಲಿ ಅಲ್ಲಿಂದ ಹೊರಬರಲು ಒಂದು ದಿನಕ್ಕೂ ಮೇಲಾಗಬಹುದು, ಹಾಗಾಗಿ ಪದ ಬೇಕೇ ಬೇಕು. ನಾವು ‘ಕೊಕ್ಕು ಹಾಕಿದೆ’ ಎಂದು ರೂಢಿ ಮಾಡಿಕೊಂಡಿದ್ದೇವೆ. ಜೀವ ಕಟ್ಟದ ಮೊಟ್ಟೆಗೂ, ಜೀವ ಕಟ್ಟಿ ಒಳಗೇ ಸತ್ತದ್ದಕ್ಕೂ ಬೇರೆ ಬೇರೆ ಹೆಸರು ಯಾರಾದರೂ ಕೇಳಿದ್ದೀರಾ? ನಾನು ಮೊದಲನೆಯದನ್ನು ಗೊಡ್ಡು ಅನ್ನುತ್ತೇನೆ, ಎರಡನೆಯದಕ್ಕೆ ಏನೂ ಅನ್ನಲು ತೋಚುವುದಿಲ್ಲ. ಮತ್ತೆ, ಕಾವು ಕೂರುವ ಅರ್ಥದಲ್ಲಿ ‘ಕಾಪು’ ಎಂಬ ರೂಪ ಯಾರ ಅಜ್ಜಿಯ ಬಾಯಲ್ಲಾದರೂ ಇತ್ತೇ?

ಉತ್ತರ ನಾಡಿದ್ದರೊಳಗೆ ಬಂದರೆ ಅನುಕೂಲ. ಮೂರನೇ ಮೊಟ್ಟೆಯನ್ನು ಕಿವಿಗಿಟ್ಟರೆ ಆಗಲೇ ಒಳಗೆ ಕಟಕಟ ಕೇಳುತ್ತಿದೆ.