ವಯಸ್ಕ ಕಲಿಕಾರ್ಥಿಗಳ ಬರಹವನ್ನು ಎಷ್ಟು ತಿದ್ದಬೇಕು?

ಪ್ರಶ್ನೆ:
ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿರುವ ನಾಲ್ವರು ವಯಸ್ಕರಿಗೆ ವಾರಕ್ಕೆ ಎರಡು ಸಂಜೆ ಸಂಭಾವನೆಯಿಲ್ಲದೆ ಬರವಣಿಗೆ ಹೇಳಿಕೊಡುತ್ತಿದ್ದೇನೆ. ವೃತ್ತಿಯಿಂದ ನಾನು ಶಿಕ್ಷಕನಲ್ಲ. ಅವರಲ್ಲೊಬ್ಬರು ಕಳೆದ ವಾರ ಒಂದು ಪುಟ ಬರೆದು ತಂದಾಗ, ಕಣ್ಣಿಗೆ ಬಿದ್ದ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟೆ. ಅವರು ಏನೂ ಹೇಳದೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಈ ವಾರ ಬರೆದದ್ದು ಮೂರೇ ಸಾಲು; ಅದರಲ್ಲೂ ‘ನಾನು ಹಸಿವಾಗಿದೆ’, ‘ನಾನು ಗೊತ್ತಿಲ್ಲ’ ಎಂಬ ಹಳೆಯ ತಪ್ಪುಗಳು ಹಾಗೆಯೇ ಇವೆ. ತಿದ್ದುವುದನ್ನೇ ಬಿಡಬೇಕೇ?

ಉತ್ತರ 1:
ನಿಮ್ಮ ಗೊಂದಲ ಹೊಸದಲ್ಲ. ಎರಡನೆಯ ಭಾಷೆಯ ಬರಹದಲ್ಲಿ ವ್ಯಾಕರಣ ತಿದ್ದುವುದನ್ನು ಕೈಬಿಡಬೇಕೆಂದು ಭಾಷಾ ಕಲಿಕೆಯ ಸಂಶೋಧಕ ಜಾನ್ ಟ್ರಸ್ಕಾಟ್ 1996ರಲ್ಲಿ ವಾದಿಸಿದರು. ಆ ತೀರ್ಮಾನ ಅವಸರದ್ದೆಂದು ಅದೇ ಕ್ಷೇತ್ರದ ಡಾನಾ ಫೆರಿಸ್ 1999ರಲ್ಲಿ ಉತ್ತರ ಕೊಟ್ಟರು. ನಾನು ಫೆರಿಸ್ ಅವರ ಕಡೆಗೇ ವಾಲುತ್ತೇನೆ, ಆದರೆ ಎಲ್ಲವನ್ನೂ ಒಟ್ಟಿಗೆ ತಿದ್ದುವುದನ್ನು ಒಪ್ಪಲಾರೆ. ಕೈತಪ್ಪಿ ಆದ ದೋಷ ಬೇರೆ, ಕಲಿಯುವವರು ತಮ್ಮೊಳಗೆ ಕಟ್ಟಿಕೊಂಡ ನಿಯಮದಿಂದ ಮತ್ತೆ ಮತ್ತೆ ಹುಟ್ಟುವ ದೋಷ ಬೇರೆ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿಯೇ ಗುರುತಿಸಿದ್ದರು. ನೀವು ಕೊಟ್ಟಿರುವ ಎರಡು ಉದಾಹರಣೆಗಳು ನಿಜವಾಗಿ ಒಂದೇ ತಪ್ಪು: ಹಸಿವು, ಗೊತ್ತು, ಬೇಕು, ಇಷ್ಟ ಮೊದಲಾದವುಗಳ ಜೊತೆ ಕನ್ನಡದಲ್ಲಿ ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿ ಬರುತ್ತಾರೆ, ‘ನಾನು’ ಅಲ್ಲಿ ‘ನನಗೆ’ ಆಗಬೇಕು. ಈ ವಾರ ಅದರ ಅಡಿಗೆ ಮಾತ್ರ ಗೆರೆ ಎಳೆಯಿರಿ, ಸರಿರೂಪವನ್ನು ನೀವು ಬರೆಯಬೇಡಿ. ಮಹಾಪ್ರಾಣ, ಒತ್ತಕ್ಷರಗಳು ಸದ್ಯಕ್ಕೆ ಕಾಯಲಿ. (ಕೆಂಪು ಶಾಯಿಯ ಬದಲು ಪೆನ್ಸಿಲ್ ಹಿಡಿಯುವುದೂ ಒಳ್ಳೆಯದು.)

ಉತ್ತರ 2:
ಮೇಲಿನ ಮಾತಿಗೆ ಒಂದು ತಕರಾರಿದೆ. ಅಭ್ಯಾಸದ ಬರಹಕ್ಕೆ ಅದು ಸರಿ. ಆದರೆ ವಯಸ್ಕರು ಎಷ್ಟೋ ಸಲ ಕೆಲಸಕ್ಕೆ ಅರ್ಜಿಯನ್ನೋ, ಮಗುವಿನ ಶಾಲೆಗೆ ಪತ್ರವನ್ನೋ ಹಿಡಿದುಕೊಂಡು ಬರುತ್ತಾರೆ. ಅಂಥದ್ದರಲ್ಲಿ ಒಂದು ತಪ್ಪನ್ನು ಮಾತ್ರ ತೋರಿಸಿ ಉಳಿದದ್ದನ್ನು ಹಾಗೇ ಕಳುಹಿಸಿದರೆ, ನಾಳೆ ಮುಜುಗರಪಡುವವರು ಅವರೇ ಹೊರತು ನಾವಲ್ಲ. ಹೊರಗೆ ಹೋಗುವ ಕಾಗದವನ್ನು ಪಕ್ಕದಲ್ಲಿ ಕುಳಿತು ಪೂರ್ತಿ ತಿದ್ದಿಸಬೇಕು.

ಉತ್ತರ 3:
ಎರಡನ್ನೂ ಒಪ್ಪುತ್ತೇನೆ. ತಿದ್ದುವ ಮೊದಲು ನಾನು ಬರೆದವರಿಂದಲೇ ಅದನ್ನು ಗಟ್ಟಿಯಾಗಿ ಓದಿಸುತ್ತೇನೆ; ಬಾಯಿಗೆ ರೂಢಿಯಾಗಿರುವ ‘ನನಗೆ ಗೊತ್ತಿಲ್ಲ’ ಓದುವಾಗ ತಾನಾಗಿ ಬಂದುಬಿಡುತ್ತದೆ, ಕಾಗದದ ಮೇಲೆ ಬೇರೆ ಇದೆಯಲ್ಲ ಎಂದು ಅವರೇ ನಿಲ್ಲುತ್ತಾರೆ. ಮಡಚಿಟ್ಟ ಆ ಹಾಳೆಯನ್ನು ಮುಂದಿನ ಸಲ ತರಲು ಹೇಳಿ, ಅದರಲ್ಲಿ ಬರೆದ ವಿಷಯದ ಬಗ್ಗೆ ಮೊದಲು ಮಾತನಾಡಿಸಿ ನೋಡಿ.