ಆನ್‌ಲೈನ್ ಅರ್ಜಿ: ನಿಮ್ಮದು ಎಲ್ಲಿ ಸಿಕ್ಕಿಕೊಂಡಿತ್ತು?

ನಮ್ಮೂರ ಪಂಚಾಯಿತಿ ಲೈಬ್ರರಿಯಲ್ಲಿ ಸಂಜೆ ಹೊತ್ತು ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡ್ತೀನಿ. ಬರೋ ಗ್ರಾಮಸಭೆಗೆ 'ಜನಕ್ಕೆ ಏನು ಬೇಕು' ಅಂತ ಒಂದು ಪುಟದ ಮನವಿ ಕೊಡಬೇಕು. 'ಸೇವೆ ಸುಧಾರಿಸಿ' ಅಂತ ಬರೆದ್ರೆ ಯಾರೂ ಓದಲ್ಲ. ನಿಮಗೆ ಆದದ್ದನ್ನೇ ಹೇಳಿ.

ಮಂಡ್ಯದವರು: ಅಪ್ಪನ ಹೆಸರಿಗೆ ಆಧಾರ್‌ನಲ್ಲಿ 'ಗೌಡ' ಇದೆ, ಪಹಣಿಯಲ್ಲಿ ಇಲ್ಲ. ಅರ್ಜಿ ತಿರಸ್ಕಾರ. ಸರಿ ಮಾಡಿ ಹಾಕಿದ್ರೆ ಫೋಟೊ ಸೈಜ್ ಜಾಸ್ತಿ. ಮೂರನೇ ಸಲ, ರೇಷನ್ ಕಾರ್ಡ್ ಮಸುಕು. ಮೂರನ್ನೂ ಮೊದಲ ದಿನವೇ ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು ಕಣಣ್ಣ?

ಧಾರವಾಡದವರು: ಆದಾಯ ಪ್ರಮಾಣಪತ್ರಕ್ಕ ಅರ್ಜಿ ಹಾಕಿ ತಿಂಗಳಾದ್ರೂ ಮೊಬೈಲ್‌ನ್ಯಾಗ 'ಪರಿಶೀಲನೆಯಲ್ಲಿದೆ' ಅಷ್ಟ. ಯಾರ ಟೇಬಲ್ ಮ್ಯಾಲ ಕುಂತೈತಿ ಅನ್ನೂದು ಗೊತ್ತಾಗಂಗಿಲ್ಲ. ಗಡುವಿನೊಳಗ ಸರ್ಕಾರಿ ಸೇವೆ ಕೊಡಬೇಕು ಅನ್ನೂ 'ಸಕಾಲ' ಯೋಜನೆದ ನಂಬರ್ ರಸೀದಿ ಮ್ಯಾಲ ಇರತೈತಿ, ಅದನ್ನ ತೋರಿಸಿ ಮೇಲ್ಮನವಿ ಹಾಕತೀನಿ ಅಂದೆ, ನಾಕ ದಿನಕ್ಕ ಬಂತು. ತಡ ಆದ್ರ ದಿನಕ್ಕ 20 ರೂಪಾಯಿ, ಹೆಚ್ಚಂದ್ರ 500 ಪರಿಹಾರ ಅಂತ 2011ರ ಸಕಾಲ ಕಾಯ್ದೆದಾಗ ಐತಿ. ಇಸಕೊಂಡವರನ್ನ ನಾ ಇನ್ನೂ ನೋಡಿಲ್ರೀ. ಗಡುವು ದಾಟಿದ್ದ ದಿನದಿಂದ ತಾನ ಎಣಿಸಿ ಖಾತೆಗೆ ಹಾಕ್ರಿ ಅಂತ ಬರೀರಿ.

ಒಬ್ಬ ತಾಯಿ: ಆ ಆದಾಯ ಪತ್ರ ಐದು ವರ್ಷ ಚಾಲ್ತಿ, ಅದರ ಮೇಲಿರೋ ಆರ್‌ಡಿ ನಂಬರ್ ಆನ್‌ಲೈನ್‌ನಲ್ಲಿ ಹಾಕಿದ್ರೆ ಅಸಲಿಯೋ ನಕಲಿಯೋ ತಿಳಿಯುತ್ತೆ. ಮಗಳ ಕಾಲೇಜಿನವರು ಮಾತ್ರ ವರ್ಷಾ ವರ್ಷಾ ಹೊಸದು ತಾ ಅಂತಾರೆ!

ನಿವೃತ್ತ ಮೇಷ್ಟ್ರು: ಒಂದು ಪಹಣಿಗೆ ವಾರಗಟ್ಟಲೆ ಅಲೆದವನು ನಾನು. ತಾಲ್ಲೂಕಿನಲ್ಲಿ ಕಂಪ್ಯೂಟರ್‌ನಿಂದ ಪಹಣಿ ತೆಗೆದುಕೊಡೋ 'ಭೂಮಿ' ಕೇಂದ್ರ ತೆರೆದು 15 ರೂಪಾಯಿಗೆ ಪಹಣಿ ಕೈಗಿಟ್ಟಾಗ ನಂಬೋಕೆ ಆಗಲಿಲ್ಲ. ನನಗೆ ಅದಕ್ಕಿಂತ ಹಿಡಿಸಿದ್ದು ಬೇರೆ. ಸಿಬ್ಬಂದಿಯ ಮುಂದೆ ಒಂದು ಪರದೆ, ನಮ್ಮ ಕಡೆಗೆ ಮುಖ ಮಾಡಿ ಇನ್ನೊಂದು. ಅವರು ಒತ್ತಿದ ಅಕ್ಷರ ನಮಗೂ ಕಾಣುತ್ತಿತ್ತು. ಈಗ ಪರದೆ ನಮ್ಮ ಜೇಬಿನಲ್ಲೇ ಇದೆ, ಆದರೆ ಆಚೆ ಏನು ನಡೀತಿದೆ ಅನ್ನೋದೇ ಕಾಣಲ್ಲ.

ತುಮಕೂರಿನ ಸೊಸೆ: ಅತ್ತೆಯ ಆಧಾರ್‌ಗೆ ಜೋಡಿಸಿರೋದು ಮೊಮ್ಮಗನ ನಂಬರ್. ಒಟಿಪಿ ಹೋಗೋದು ಬೆಂಗಳೂರಿಗೆ, ಅವನು ಡ್ಯೂಟಿಯಲ್ಲಿ. ವಾಪಸ್ ಫೋನ್ ಮಾಡೋ ಹೊತ್ತಿಗೆ ಅವಧಿ ಮುಗಿದಿರುತ್ತೆ. ಮೂರು ದಿನ ಇದೇ ಆಟ. ಆಮೇಲೆ ಊರಲ್ಲೇ ಸರ್ಕಾರಿ ಅರ್ಜಿ ತುಂಬಿಕೊಡೋ ಗ್ರಾಮ ಒನ್ ಕೇಂದ್ರಕ್ಕೆ ಕರ್ಕೊಂಡು ಹೋದೆ. ಅಲ್ಲಿನ ಹುಡುಗ ಕುರ್ಚಿ ಹಾಕಿ, ಒಂದೊಂದೇ ಸಾಲು ಓದಿ ಹೇಳಿ ತುಂಬಿಕೊಟ್ಟ. ಆನ್‌ಲೈನ್ ಬಂತು ಅಂತ ಕೌಂಟರ್ ಮುಚ್ಚಬೇಡಿ ಅಂತಾನೂ ಸೇರಿಸಿ.

ಕೇಳಿದವನು: ಮೇಷ್ಟ್ರೇ, ಆ ಎರಡನೇ ಪರದೆಯಿಂದಲೇ ಮನವಿ ಶುರು ಮಾಡ್ತೀನಿ. ಧಾರವಾಡದ ಅಣ್ಣಾರ, ನಿಮ್ಮ ರಸೀದಿ ಫೋಟೊ ಕಳಿಸ್ತೀರಾ, ಹೆಸರು ನಂಬರ್ ಮುಚ್ಚಿ? ಸಕಾಲ ನಂಬರ್ ಎಲ್ಲಿರುತ್ತೆ ಅಂತಾನೇ ನಮ್ಮೂರಲ್ಲಿ ಸುಮಾರು ಜನಕ್ಕೆ ಗೊತ್ತಿಲ್ಲ.